ಬಡವರ ಹಾಸಿಗೆಯ ಲೆಕ್ಕ ಕೇಳಿ: ಪುಣೆಯ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಬಡವರ ಆಸ್ಪತ್ರೆ ಬಿಲ್ಲನ್ನು ಯಾರು ಕಟ್ಟಬೇಕು? ಧರ್ಮಾರ್ಥ ಆಸ್ಪತ್ರೆಗಳ, ಅಂದರೆ ಟ್ರಸ್ಟುಗಳು ನಡೆಸುವ ಆಸ್ಪತ್ರೆಗಳ, ಮಟ್ಟಿಗೆ ಈ ಪ್ರಶ್ನೆ ಎಂದೋ ತೀರ್ಮಾನವಾಗಿದೆ. ಮಹಾರಾಷ್ಟ್ರದ ಸಾರ್ವಜನಿಕ ನ್ಯಾಸ (ಟ್ರಸ್ಟ್) ಕಾಯ್ದೆಯ 41ಎಎ ಕಲಮು ಮತ್ತು ಬಾಂಬೆ ಹೈಕೋರ್ಟಿನ 2006ರ ಯೋಜನೆಯಂತೆ ಶೇ. 10 ಹಾಸಿಗೆ ಪುಕ್ಕಟೆ, ಇನ್ನು ಶೇ. 10 ರಿಯಾಯಿತಿಗೆ ಮೀಸಲು. ಖರ್ಚಿಗೆಂದು ಆಸ್ಪತ್ರೆ ತನ್ನ ಬಿಲ್ಲಿಂಗಿನ ಶೇ. 2ನ್ನು ನಿರ್ಧನ ರೋಗಿಗಳ ನಿಧಿಗೆ, ಅಂದರೆ ಐಪಿಎಫ್‌ಗೆ, ಹಾಕಬೇಕು.

ಎಡವಟ್ಟಾಗುವುದು ಬಿಲ್ ಬರೆಯುವ ಮೇಜಿನಲ್ಲಿ. ಹಾಸಿಗೆ, ನರ್ಸಿಂಗ್, ಆಸ್ಪತ್ರೆಯ ಊಟ, ನೀರು, ಕರೆಂಟು, ಮಾಮೂಲಿ ತಪಾಸಣೆ ಇವಕ್ಕೆ ನಿರ್ಧನ ರೋಗಿಯ ಬಿಲ್ಲಿನಲ್ಲಿ ಜಾಗವೇ ಇಲ್ಲ. ಔಷಧ, ಸಿರಿಂಜು, ಇಂಪ್ಲಾಂಟುಗಳನ್ನು ಆಸ್ಪತ್ರೆ ಕೊಂಡ ಬೆಲೆಗೇ ನಿಧಿಯ ಲೆಕ್ಕಕ್ಕೆ ಹಿಡಿಯಬೇಕು, ಎಂಆರ್‌ಪಿಗಲ್ಲ. ಇದು ಚಿಲ್ಲರೆ ವ್ಯತ್ಯಾಸವೆಂದುಕೊಳ್ಳಬೇಡಿ. ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ 2018ರಲ್ಲಿ ದೆಹಲಿ ಸುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ ಜಾಲಾಡಿದಾಗ ಲಾಭ ಶೇ. 1,737ರವರೆಗೆ ಏರಿದ್ದು ಕಂಡಿತು.

ಒಂದು ಲೆಕ್ಕ ಹಾಕೋಣ. ತಿಂಗಳ ಬಿಲ್ಲಿಂಗ್ 5 ಕೋಟಿ ಎಂದಿಟ್ಟುಕೊಳ್ಳಿ. ನಿಧಿಗೆ ಬಂದದ್ದು 10 ಲಕ್ಷ. ಒಬ್ಬ ರೋಗಿಯ ಔಷಧ, ಸಾಮಾನು ಆಸ್ಪತ್ರೆಗೆ ಬಿದ್ದದ್ದು 20 ಸಾವಿರಕ್ಕೆ, ಎಂಆರ್‌ಪಿ 60 ಸಾವಿರ. ಕೊಂಡ ಬೆಲೆಗೆ ಹಿಡಿದರೆ 50 ಜನರಿಗೆ ಸಾಲುತ್ತದೆ. ಎಂಆರ್‌ಪಿಗೆ ಹಿಡಿದರೆ 16 ಜನರಿಗೇ ಮುಗಿದು, 17ನೆಯವರಿಗೆ ‘ಫಂಡ್ ಇಲ್ಲ’ ಎಂಬ ಉತ್ತರ. ಕಾಗದದ ಮೇಲೆ ಮಾತ್ರ ಹತ್ತಿರ ಹತ್ತು ಲಕ್ಷ ಬಡವರಿಗೇ ಖರ್ಚಾಗಿರುತ್ತದೆ! ಖರೀದಿ ಇನ್ವಾಯ್ಸ್ ನೋಡದೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ತೊಡಕು ದಾಖಲೆಯದು. ಪುಕ್ಕಟೆ ಚಿಕಿತ್ಸೆಗೆ ಕುಟುಂಬದ ವಾರ್ಷಿಕ ಆದಾಯ 1,80,000 ರೂ. ಒಳಗಿರಬೇಕು, ರಿಯಾಯಿತಿಗೆ 3,60,000. ತಹಶೀಲ್ದಾರರ ಆದಾಯ ಪತ್ರವಾಗಲಿ ರೇಷನ್ ಕಾರ್ಡಾಗಲಿ, ಒಂದಿದ್ದರೆ ಸಾಕು. ‘ಉತ್ಪನ್ನಾಚಾ ದಾಖಲಾ’ (ಆದಾಯ ಪತ್ರ) ಬೇಕೇ ಬೇಕೆಂದು ಕೌಂಟರಿನಲ್ಲಿ ಹಟ ಹಿಡಿದರೆ ತಲಾಠಿಯಿಂದ (ಗ್ರಾಮ ಲೆಕ್ಕಿಗರಿಂದ) ತಹಶೀಲಿಗೆ ಅಲೆಯುವಷ್ಟರಲ್ಲಿ ರೋಗಿ ಡಿಸ್ಚಾರ್ಜ್ ಆಗಿರುತ್ತಾರೆ, ಸಾಲ ಮಾಡಿ. ತುರ್ತು ಸ್ಥಿತಿಯಲ್ಲಿ ಡಿಪಾಸಿಟ್ ಕೇಳುವಂತೆಯೇ ಇಲ್ಲ.

ಕಲಬುರಗಿ, ಯಾದಗಿರಿಯಿಂದ ಇಲ್ಲಿಯ ಕಟ್ಟಡ ಕೆಲಸಕ್ಕೆ ಬಂದವರ ಪಾಡು ಇನ್ನೂ ಬಿಗಿ. ರಾಜ್ಯದ ಪುಕ್ಕಟೆ ಚಿಕಿತ್ಸೆಯ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಗೆ ಸಾಮಾನ್ಯವಾಗಿ ಮಹಾರಾಷ್ಟ್ರದ ರೇಷನ್ ಕಾರ್ಡ್ ಕೇಳುತ್ತಾರೆ. ಅವರ ಕೈಲಿರುವುದು ಕರ್ನಾಟಕದ್ದು. ಅವರಲ್ಲಿ ಅನೇಕರಿಗೆ ಈ ಧರ್ಮಾರ್ಥ ಹಾಸಿಗೆ ದೊಡ್ಡ ಆಸರೆ.

ಈ ಆಸ್ಪತ್ರೆಗಳ ಮೇಲೆ ನಿಗಾ ಇಡುವ ಧರ್ಮಾರ್ಥ ಆಯುಕ್ತರು ಆರೋಗ್ಯ ಖಾತೆಗಲ್ಲ, ಕಾನೂನು ಖಾತೆಗೆ ಸೇರಿದವರು. ಆದ್ದರಿಂದ ಆರೋಗ್ಯ ಸಚಿವರನ್ನು ಕೇಳಿದರೆ ಪ್ರಶ್ನೆ ಅತ್ತಿತ್ತ ಅಲೆಯುತ್ತದೆ. ಕಾನೂನು ಖಾತೆಗೇ ಕೇಳಿ: ಪುಣೆಯ ಪ್ರತಿ ಧರ್ಮಾರ್ಥ ಆಸ್ಪತ್ರೆಯಲ್ಲಿ ತಿಂಗಳವಾರು ಐಪಿಎಫ್‌ಗೆ ಬಂದದ್ದೆಷ್ಟು, ಖರ್ಚೆಷ್ಟು, ಆ ಖರ್ಚು ಕೊಂಡ ಬೆಲೆಯದೋ ಎಂಆರ್‌ಪಿಯದೋ? ಹೊರರಾಜ್ಯದ ಬಿಪಿಎಲ್ ಕಾರ್ಡನ್ನು ಒಪ್ಪುವ ಸುತ್ತೋಲೆಯನ್ನೂ ಕೇಳಿ. ಉತ್ತರವನ್ನು ಆಸ್ಪತ್ರೆಯ ಬಾಗಿಲಿಗೇ ಅಂಟಿಸಲಿ, ಮರಾಠಿಯ ಪಕ್ಕದಲ್ಲಿ ಕನ್ನಡದಲ್ಲೂ.

ಇತಿ,
ರೋಗಿಗಳ ನೆರವಿಗೆ ನಿಂತ ಪುಣೆಯ ಕನ್ನಡಿಗರು