ತಡವಾಗಿ ಬಂದ ಭಯ

ಮೊನ್ನೆ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಥೀಸಿಸ್‌ನಲ್ಲಿ ಥ್ಯಾಂಕ್ಸ್ ಬರೆದಿದ್ದು ಇಂಗ್ಲಿಷಿನಲ್ಲಿ. ಅದನ್ನು ಅಪ್ಪ ಓದಲಾರರು, ಪ್ರಯೋಗದ ಇಲಿಗಳನ್ನು ಸಾಕುವ ನಮ್ಮ ಅನಿಮಲ್ ಹೌಸ್‌ನಲ್ಲಿ ಕೆಲಸ ಮಾಡುವ ಅಣ್ಣನೂ ಓದಲಾರರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಎಂಎಸ್ಸಿ ಓದುವಾಗ ಅಪ್ಪ ಬರುತ್ತಿದ್ದ ಬಸ್ಸು ಘಾಟಿಯಲ್ಲಿ ಪಲ್ಟಿಯಾಯಿತು. ತರಚು ಗಾಯ ಅಷ್ಟೇ. ಮೊದಲ ವಾರ ನೋಡಲು ಬಂದವರಿಗೆಲ್ಲ ಅವರೇ ಧೈರ್ಯ ಹೇಳಿದರು. ಎರಡು ವಾರ ಕಳೆದ ಮೇಲೆ ರಾತ್ರಿ ಕಿರುಚಿಕೊಂಡು ಏಳತೊಡಗಿದರು. ಹಾರನ್ ಕೇಳಿದರೂ ಬೆವರುತ್ತಿದ್ದರು. ‘ಆಗ ಇಲ್ಲದ ಭಯ ಈಗ ಯಾಕೆ, ಸುಮ್ನೆ ನಾಟಕ’ ಅಂದವರೂ ಇದ್ದರು. ಆ ಮಾತು ಅಪ್ಪನಿಗೆ ಅಪಘಾತಕ್ಕಿಂತ ಜಾಸ್ತಿ ನೋವು ಕೊಟ್ಟಿತು.

ಅಂಥವರಿಗೆ ಕೊಡಬೇಕಾದ ಉತ್ತರ ನನಗೆ ಸಿಕ್ಕಿದ್ದು ಇಲಿಗಳಿಂದ. ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಸುಮಂತ್ರ ಚಟರ್ಜಿ ಅವರ ತಂಡ 2005ರಲ್ಲಿ ಪ್ರಕಟಿಸಿದ ಕೆಲಸ ಅದು. ಇಲಿಯನ್ನು ಒಂದೇ ಸಲ, 2 ಗಂಟೆ, ಅಲುಗಾಡದಂತೆ ಕಟ್ಟಿಟ್ಟರು. ಮರುದಿನ ನೋಡಿದರೆ ಏನೂ ಬದಲಾಗಿರಲಿಲ್ಲ. 10 ದಿನ ಬಿಟ್ಟು ನೋಡಿದರೆ ಅದರ ಆತಂಕ ಹೆಚ್ಚಿತ್ತು. ಮೆದುಳಿನಲ್ಲಿ ಭಯಕ್ಕೆ ಸಂಬಂಧಿಸಿದ ಅಮಿಗ್ಡಲ ಅನ್ನುವ ಭಾಗದಲ್ಲಿ ನರಕೋಶಗಳ ಕೊಂಬೆಗಳ ಮೇಲೆ ಹೊಸ ಮುಳ್ಳುಗಳು, ಅಂದರೆ ಬೇರೆ ನರಕೋಶಗಳ ಜೊತೆ ಸಂಪರ್ಕ ಬೆಸೆಯುವ ಪುಟ್ಟ ಚಾಚುಗಳು, ಮೂಡಿದ್ದವು. ಇಲಿ ನಾಟಕ ಮಾಡುವುದಿಲ್ಲ ಅಲ್ವಾ? ಆ ಲೇಖನ ಓದಿದ ರಾತ್ರಿ ತುಂಬಾ ಅತ್ತೆ. ಅದನ್ನು ಬರೆದವರಿಗೆ ನನ್ನ ಮೊದಲ ನಮಸ್ಕಾರ.

ಅಪ್ಪನನ್ನು ನೋಡಿದ ಡಾಕ್ಟರಿಗೂ ನಾನು ಋಣಿ. ಇಲಿಯ ಆತಂಕ ಅಳೆಯಲು ಪ್ಲಸ್ ಮೇಜ್ ಅನ್ನುವ, ಕೂಡುವ ಗುರುತಿನ ಆಕಾರದ ಎತ್ತರದ ದಾರಿಗಳಿರುತ್ತವೆ; ಎರಡಕ್ಕೆ ಗೋಡೆ ಇದೆ, ಎರಡಕ್ಕಿಲ್ಲ. ಡೈಯಾಜಪಾಮ್ ಅನ್ನುವ ಆತಂಕದ ಮಾತ್ರೆಯ ಔಷಧ ಕೊಟ್ಟ ಇಲಿ ಅಲ್ಲಿ ಗೋಡೆಯಿಲ್ಲದ ದಾರಿಗೂ ಧೈರ್ಯವಾಗಿ ಹೋಗುತ್ತದೆ, ನಾನೇ ಎಷ್ಟೋ ಸಲ ನೋಡಿದ್ದೇನೆ. ಆದರೆ ಅದು ಆ ಹೊತ್ತಿನ ಆತಂಕವನ್ನು ತಗ್ಗಿಸುತ್ತದೆ, ಒಳಗಿನ ಗಾಯವನ್ನು ಮಾಯಿಸುವುದಿಲ್ಲ. ಡಾಕ್ಟರು ಅದನ್ನೇ ತಾಳ್ಮೆಯಿಂದ ಬಿಡಿಸಿ ಹೇಳಿ, ಸೆರ್ಟ್ರಲೀನ್ ಅನ್ನುವ ಖಿನ್ನತೆ, ಆತಂಕಗಳ ಔಷಧ ಕೊಟ್ಟು, ವಾರವಾರವೂ ಕೂರಿಸಿಕೊಂಡು ಮಾತಾಡಿಸಿದರು.

ಇನ್ನು ಅನಿಮಲ್ ಹೌಸ್‌ನ ಅಣ್ಣ. ಪ್ರಯೋಗಕ್ಕೆ ಮೊದಲು ಪ್ರತಿ ಇಲಿಯನ್ನೂ ದಿನಾ ಕೈಗೆತ್ತಿಕೊಂಡು ಅಭ್ಯಾಸ ಮಾಡಿಸಬೇಕು. ನಮ್ಮ ಕೈಗೇ ಹೆದರಿದರೆ ನಾವು ಅಳೆಯುವ ಭಯಕ್ಕೆ ಅರ್ಥವಿಲ್ಲ. ಹಿಡಿಯುವುದನ್ನು ಕಲಿಸಿದ್ದು ಅವರು. ‘ಕೈ ನಡುಗಿಸಬೇಡಮ್ಮ, ಅದಕ್ಕೆ ಗೊತ್ತಾಗುತ್ತೆ’ ಅನ್ನುತ್ತಿದ್ದರು. ದೀಪಾವಳಿಯ ದಿನವೂ ಬಂದು ನೀರು, ಮೇವು ನೋಡಿಕೊಂಡರು.

ಕೊನೆಗೆ ಆ ಇಲಿಗಳು. ಇಲಿಯ ಭಯವೂ ಅಪ್ಪನ ಭಯವೂ ಒಂದೇ ಅಲ್ಲ, ಅದು ತನ್ನ ಕನಸನ್ನು ಹೇಳಲಾರದು. ಆದರೂ ಅಷ್ಟು ಕಲಿಸಿದವು. ಮೆದುಳು ನೋಡಬೇಕೆಂದರೆ ಅವುಗಳ ಜೀವ ತೆಗೆಯಲೇಬೇಕು. ಅದು ನನಗೆ ಯಾವತ್ತೂ ರೂಢಿಯಾಗಲಿಲ್ಲ, ಆಗುವುದೂ ಬೇಡ. ಥೀಸಿಸ್‌ನಲ್ಲಿ ಅವುಗಳ ಲೆಕ್ಕ ಇದೆ, ಹೆಸರಿಲ್ಲ. ಬಾಲದ ಮೇಲೆ ಮಾರ್ಕರಿನಿಂದ ನಾನೇ ಎಳೆದ ಗೆರೆಗಳಷ್ಟೇ ಗುರುತು. ಒಂದು ಗೆರೆ, ಎರಡು ಗೆರೆ, ಮೂರು ಗೆರೆ. ಎಲ್ಲಕ್ಕೂ ಕೈಮುಗಿಯುತ್ತೇನೆ.