ಹಾಸ್ಟೆಲ್ ತಪಾಸಣೆಯಲ್ಲಿ ಮಕ್ಕಳ ಮಾತಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

2025ರ ಆಗಸ್ಟ್‌ನಲ್ಲಿ ಯಾದಗಿರಿ ಜಿಲ್ಲೆಯ ಸರ್ಕಾರಿ ವಸತಿ ಶಾಲೆಯೊಂದರ ಶೌಚಾಲಯದಲ್ಲಿ ಒಂಬತ್ತನೇ ತರಗತಿಯ ಬಾಲಕಿಗೆ ಹೆರಿಗೆಯಾಯಿತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಡಿ ಪ್ರಕರಣ ದಾಖಲಾಯಿತು, ಆರೋಪಿಯ ಬಂಧನವಾಯಿತು, ಶಾಲೆಯ ಹೊಣೆ ಹೊತ್ತವರು ಅಮಾನತಾದರು. 2024ರ ಜನವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿಯೂ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತಾಯಿಯಾದಾಗ ವಾರ್ಡನ್ ಅಮಾನತಾಗಿದ್ದರು. ಕ್ರಮ ಜರುಗಿದ್ದು ನಿಜ. ಆದರೆ ದಿನವೂ ಹಾಜರಿ ಕೂಗುವ, ಒಟ್ಟಿಗೆ ಉಣ್ಣುವ, ಒಂದೇ ಸೂರಿನಡಿ ಮಲಗುವ ವ್ಯವಸ್ಥೆಯಲ್ಲಿ ಎಳೆಯ ಹುಡುಗಿಯೊಬ್ಬಳ ತಿಂಗಳುಗಳ ಸಂಕಟ ಯಾವ ಹಿರಿಯರ ಕಣ್ಣಿಗೂ ಏಕೆ ಬೀಳಲಿಲ್ಲ, ಬಿದ್ದಿದ್ದರೆ ಅವರು ಏಕೆ ಸುಮ್ಮನಿದ್ದರು ಎಂಬ ಪ್ರಶ್ನೆಗೆ ಅಮಾನತಿನ ಆದೇಶದಲ್ಲಿ ಉತ್ತರವಿರುವುದಿಲ್ಲ.

ಹಳ್ಳಿಯ ಪ್ರೌಢಶಾಲೆಗಳಲ್ಲಿ ಮುಖ್ಯ ಶಿಕ್ಷಕಿಯಾಗಿದ್ದ ನಾನು ಹಾಸ್ಟೆಲ್ ಮಕ್ಕಳನ್ನು ಹತ್ತಿರದಿಂದ ಬಲ್ಲೆ. ತಪಾಸಣೆಗೆ ಬರುವ ಅಧಿಕಾರಿಗಳು ದಾಸ್ತಾನು ವಹಿ, ಹಾಜರಿ ಪುಸ್ತಕ, ಅಡುಗೆಮನೆ ನೋಡುತ್ತಾರೆ. ವಾರ್ಡನ್ ಪಕ್ಕದಲ್ಲಿ ನಿಂತಿರುವಾಗಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ‘ಊಟ ಚೆನ್ನಾಗಿದೆಯಾ, ಏನಾದರೂ ತೊಂದರೆ ಇದೆಯಾ’ ಎಂದು ಕೇಳುತ್ತಾರೆ. ‘ಇಲ್ಲ ಸರ್’ ಎಂಬುದನ್ನು ಬಿಟ್ಟು ಬೇರೆ ಉತ್ತರ ಕೊಡುವ ಧೈರ್ಯ ಆ ಸಾಲಿನಲ್ಲಿ ಯಾವ ಮಗುವಿಗೆ ಬಂದೀತು? ಸಲಹಾ ಪೆಟ್ಟಿಗೆಯೂ ಕಚೇರಿಯ ಬಾಗಿಲಲ್ಲೇ ಇರುತ್ತದೆ, ಯಾರ ಮೇಲೆ ದೂರು ಬರಬಹುದೋ ಅವರ ಬಳಿಯೇ ಅದರ ಕೀಲಿಯೂ ಇರುತ್ತದೆ.

ಬಿಹಾರದ ಮುಜಫ್ಫರ್‌ಪುರದ ಬಾಲಿಕಾಗೃಹದಲ್ಲಿ ನಡೆಯುತ್ತಿದ್ದ ಘೋರ ದೌರ್ಜನ್ಯ 2018ರಲ್ಲಿ ಬೆಳಕಿಗೆ ಬಂದದ್ದು ಇಲಾಖೆಯ ತಪಾಸಣೆಯಿಂದಲ್ಲ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡವೊಂದು ಸಾಮಾಜಿಕ ಲೆಕ್ಕಪರಿಶೋಧನೆಗೆಂದು ಬಂದು ಮಕ್ಕಳೊಂದಿಗೆ ಮಾತನಾಡಿದ್ದರಿಂದ ಅದು ಹೊರಬಿತ್ತು. 2020ರಲ್ಲಿ ದೆಹಲಿಯ ನ್ಯಾಯಾಲಯ ಅಪರಾಧಿಗಳೆಂದು ಘೋಷಿಸಿದವರಲ್ಲಿ ಆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮಾಜಿ ಅಧ್ಯಕ್ಷರೂ ಮಕ್ಕಳ ರಕ್ಷಣಾಧಿಕಾರಿಯೂ ಇದ್ದರು. ಕಾಯಬೇಕಾದವರ ವರದಿಯೊಂದನ್ನೇ ನಂಬಿ ಕುಳಿತರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮಲ್ಲಿನ ಕಾನೂನಿನ ಏರ್ಪಾಡಿನಲ್ಲಿಯೂ ಒಂದು ಬಿರುಕಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿಯು ಪಾಲನೆ, ರಕ್ಷಣೆ ಅಗತ್ಯವಿರುವ ಮಕ್ಕಳ ವಸತಿ ಕೇಂದ್ರಗಳಿಗೆ ತಿಂಗಳಿಗೆ ಕನಿಷ್ಠ ಎರಡು ಭೇಟಿ ನೀಡಬೇಕು. ಆದರೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಹಾಸ್ಟೆಲ್‌ಗಳು, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಮಠಗಳು ಮತ್ತು ಖಾಸಗಿಯವರು ನಡೆಸುವ ವಿದ್ಯಾರ್ಥಿ ನಿಲಯಗಳು ವಾಡಿಕೆಯಲ್ಲಿ ಈ ಭೇಟಿಯ ಪಟ್ಟಿಗೆ ಸೇರುವುದಿಲ್ಲ. ಬಾಲಮಂದಿರದ ಮಗುವಿಗೆ ಇರುವಷ್ಟು ಕಾವಲೂ ಹಾಸ್ಟೆಲ್ ಮಗುವಿಗೆ ಇಲ್ಲವಾಗಿದೆ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಪೋಕ್ಸೊ ಕಾಯ್ದೆಯಡಿ ಅಪರಾಧ. ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಸಜೆಯಿದೆ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಆದಿವಾಸಿ ಬಾಲಕಿಯರ ಹಾಸ್ಟೆಲ್ ಪ್ರಕರಣದಲ್ಲಿ, ವಿಷಯ ತಿಳಿದಿದ್ದೂ ಪೊಲೀಸರಿಗೆ ತಿಳಿಸಲಿಲ್ಲ ಎಂಬ ಆರೋಪ ಹೊತ್ತಿದ್ದ ವೈದ್ಯರ ವಿರುದ್ಧದ ಎಫ್‌ಐಆರ್ ಅನ್ನು ಹೈಕೋರ್ಟ್ ರದ್ದುಪಡಿಸಿದ್ದಾಗ, 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ಹೀಗೆ ಮರೆಮಾಚುವುದು ಗಂಭೀರ ಅಪರಾಧವೆಂದು ಸ್ಪಷ್ಟವಾಗಿ ಹೇಳಿತು. ಇಷ್ಟಾದರೂ ‘ಸಂಸ್ಥೆಯ ಮರ್ಯಾದೆ’ಯ ಮಾತು ನಮ್ಮ ಸಿಬ್ಬಂದಿ ಕೊಠಡಿಗಳಿಂದ ಹೋಗಿಲ್ಲ.

ಇಂಥ ಪ್ರಕರಣಗಳಲ್ಲಿ ಆರೋಪಿ ಬಹುತೇಕ ಮಗುವಿಗೆ ಪರಿಚಿತನೇ ಆಗಿರುತ್ತಾನೆ; ಹಲವು ಸಲ ಊರಿನವನು, ನೆಂಟನು. ರಜೆ ಮುಗಿಸಿ ಬಂದ ಮಗು ಮಂಕಾಗಿದ್ದರೆ, ಊಟ ಬಿಟ್ಟರೆ, ಊರಿಗೆ ಹೋಗಲಾರೆ ಎಂದರೆ ಅದನ್ನು ಮೊದಲು ಗುರುತಿಸಬಹುದಾದ ಜಾಗವೇ ಹಾಸ್ಟೆಲ್. ಗಂಡುಮಕ್ಕಳ ಹಾಸ್ಟೆಲ್‌ಗಳನ್ನೂ ಇಲ್ಲಿ ಮರೆಯಬಾರದು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದುದಾಗಿ ಹೇಳಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹುಡುಗರೇ ಆಗಿದ್ದರು.

ಆದ್ದರಿಂದ ಪ್ರತಿ ಹಾಸ್ಟೆಲ್‌ಗೂ, ಅದನ್ನು ನಡೆಸುವ ಇಲಾಖೆಗೆ ಸೇರದ ತಂಡವೊಂದು ವರ್ಷಕ್ಕೆ ಎರಡು ಬಾರಿಯಾದರೂ, ವಿಶೇಷವಾಗಿ ಬೇಸಿಗೆ ಮತ್ತು ದಸರಾ ರಜೆಗಳ ನಂತರ, ಭೇಟಿ ಕೊಡಬೇಕು; ಸಿಬ್ಬಂದಿಯನ್ನು ದೂರವಿಟ್ಟು ಮಕ್ಕಳೊಂದಿಗೆ ಅವರವರ ಮನೆಮಾತಿನಲ್ಲಿ ಮಾತನಾಡಬೇಕು. ಲಂಬಾಣಿ ತಾಂಡಾದಿಂದ ಬಂದ ಹುಡುಗಿ ತನ್ನ ಒಳಗಿನ ನೋವನ್ನು ಪುಸ್ತಕದ ಕನ್ನಡದಲ್ಲಿ ಹೇಳಲಾರಳು. ತಂಡದ ವರದಿ ಇಲಾಖೆಯ ಕಡತದಲ್ಲಿ ಉಳಿಯದೆ ನೇರವಾಗಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ತಲುಪಬೇಕು. ಒಬ್ಬ ವಾರ್ಡನ್‌ಗೆ ಎರಡು ಹಾಸ್ಟೆಲ್‌ಗಳ ಪ್ರಭಾರ ವಹಿಸುವ ಪದ್ಧತಿಯೂ ನಿಲ್ಲಬೇಕು.

ಎಚ್ಚರಿಕೆಯ ಹೆಸರಿನಲ್ಲಿ ಹುಡುಗಿಯರನ್ನೆಲ್ಲ ಗರ್ಭಪರೀಕ್ಷೆಗೆ ನಿಲ್ಲಿಸುವ ಅವಮಾನ ಮಾತ್ರ ಆಗಕೂಡದು. ಅದು ಅಪರಾಧಿಯನ್ನು ಬಿಟ್ಟು ಮಗುವನ್ನು ಅನುಮಾನಿಸುತ್ತದೆ. ಹೆದರಿದ ಪಾಲಕರು ಮಗಳನ್ನು ಹಾಸ್ಟೆಲ್ ಬಿಡಿಸಿದರೆ ಮುಂದಿನದು ಮದುವೆಯ ಮಾತೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು.

ಯಾದಗಿರಿಯ ಪ್ರಕರಣದಲ್ಲಿ ಯಾವ ತಿಂಗಳು ಯಾರು ಶಾಲೆಗೆ ಭೇಟಿ ನೀಡಿದ್ದರು, ಏನೆಂದು ಬರೆದರು, ಆರೋಗ್ಯ ತಪಾಸಣೆ ಎಂದು ನಡೆದಿತ್ತು ಎಂಬ ವಿವರಗಳನ್ನು, ಬಾಲಕಿಯ ಗುರುತು ಎಲ್ಲಿಯೂ ಬಯಲಾಗದಂತೆ, ಆಯೋಗವು ಸಾರ್ವಜನಿಕರ ಮುಂದಿಡಬೇಕೆಂದು ವಿನಂತಿಸುತ್ತೇನೆ.

ಇತಿ,
ನಿವೃತ್ತ ಮುಖ್ಯ ಶಿಕ್ಷಕಿ
ಕೊಪ್ಪಳ ಜಿಲ್ಲೆ