ಪೆನ್ಸಿಲ್ ಹಿಡಿದ ಅಜ್ಜಾರಿಗೆ

ನೀವು ಯಾರೋ ಗೊತ್ತಿಲ್ಲ. ಗದಗದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಾನು ಮರೆತು ಬಂದ ಕಥೆಯ ಹಾಳೆಗಳು ನಿಮ್ಮ ಕೈಗೆ ಸಿಕ್ಕಿದ್ದವು. ವಾರ ಬಿಟ್ಟು ಹೋದರೆ, "ಯಾರೋ ಹಿರಿಯರು ಕೊಟ್ಟು ಹೋಗ್ಯಾರ್ರೀ" ಅಂತ ವಾಪಸ್ ಸಿಕ್ಕವು. ಅಂಚಿನ ತುಂಬ ಪೆನ್ಸಿಲ್ ಬರಹ!

ಕಥೆ ದುರ್ಯೋಧನನ ಹೆಂಡತಿ ಭಾನುಮತಿಯದು. ಕುಮಾರವ್ಯಾಸ ಹತ್ತೇ ಪರ್ವ ಬರೆದು ಗದಾಪರ್ವಕ್ಕೆ ನಿಲ್ಲಿಸಿದ. ಆಮೇಲೆ ಆಕೆಯ ಗತಿ ಏನು ಅನ್ನೋದು ನನ್ನ ಹುಚ್ಚು ಕಲ್ಪನೆ. ಆದರೆ ಗದಾಯುದ್ಧದ ದಿನ ಬೆಳಗ್ಗೆ ಆಕೆ ಕರ್ಣನಿಗೆ ಆರತಿ ಎತ್ತುವ ಹಾಗೆ ಬರೆದುಬಿಟ್ಟಿದ್ದೆ. "ತಂಗಿ, ಕರ್ಣ 17ನೇ ದಿನಾನೇ ಹೋದ. 18ನೇ ದಿನ ಸೇನಾಪತಿ ಶಲ್ಯ" ಅಂತ ಎಷ್ಟು ಮೆತ್ತಗೆ ತಿದ್ದಿದ್ದೀರಿ! ಗೆಳತಿಯರೆಲ್ಲ ಅದೇ ಸಾಲು ಓದಿ ಅತ್ತಿದ್ದರು, ಒಬ್ಬರಿಗೂ ಹೊಳೆದಿರಲಿಲ್ಲ. ಕುಮಾರವ್ಯಾಸ ಕೂತು ಭಾರತ ಬರೆದ ಅಂತಾರಲ್ಲ, ಆ ವೀರನಾರಾಯಣ ಗುಡಿಯ ಹತ್ತಿರವೇ ಬೆಳೆದ ನನಗೂ ಹೊಳೆಯಲಿಲ್ಲ, ನಾಚಿಕೆಗೇಡು ಅಲ್ವಾ?

ಈಗ ಭಾನುಮತಿ ಆರತಿ ತಟ್ಟೆ ಹಿಡಿದು ಕರ್ಣನ ಖಾಲಿ ಬಿಡಾರದ ಮುಂದೆ ನಿಂತಿದ್ದಾಳೆ. ಮೊದಲಿಗಿಂತ ಚೆನ್ನಾಗಿದೆ, ಸುಮ್ನೆ ಹೇಳ್ತಿಲ್ಲ.

ಕೊನೇ ಹಾಳೆಯಲ್ಲಿ "ಮುಂದ ಏನಾತು?" ಅಂತ ಕೇಳಿದ್ದಿರಿ. ಹೊಗಳಿಕೆ ಅಂದರೆ ಅದು. ಧನ್ಯವಾದ ಅಜ್ಜಾರ. ಮುಂದಿನ ಭಾಗ ಅದೇ ಅಂಗಡಿಯಲ್ಲಿ ಇಟ್ಟಿದ್ದೇನೆ, ಜೊತೆಗೆ ಒಂದು ಹೊಸ ಪೆನ್ಸಿಲ್.